ಲೇಔಟ್ ಅಸೋಸಿಯೇಷನ್‌ಗೆ ದುಡ್ಡು ಕಟ್ಟಲೇಬೇಕಾ? ಕಟ್ಟದಿದ್ರೆ ನೀರಿನ ಕನೆಕ್ಷನ್ ಇಲ್ಲ ಅಂತಿದಾರೆ

ಹೊಸಮನೆ_ಬೋಗಾದಿ:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಬೋಗಾದಿ ಕಡೆ ರಿಂಗ್ ರೋಡ್ ದಾಟಿ ಒಂದು ಪ್ರೈವೇಟ್ ಲೇಔಟಲ್ಲಿ 30×40 ಅಡಿ ಸೈಟ್ ತಗೊಂಡು ಮನೆ ಕಟ್ಟಿದೀವಿ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಒಣಗಿಲ್ಲ, ಅಷ್ಟರಲ್ಲೇ ನಿವಾಸಿಗಳ ಸಂಘದ ಸೆಕ್ರೆಟರಿ ಅಂತ ಒಬ್ರು ರಸೀದಿ ಪುಸ್ತಕ ಹಿಡ್ಕೊಂಡು ಬಂದ್ರು. ಮೆಂಬರ್‌ಶಿಪ್ ಬೇರೆ, ಕಾರ್ಪಸ್ (ಸಂಘದ ಇಡುಗಂಟು) ಅಂತ ಒಂದೇ ಸಲ 25 ಸಾವಿರ ಬೇರೆ, ಆಮೇಲೆ ತಿಂಗಳಿಗೆ 600. ಕಾರ್ಪಸ್ ಕಟ್ಟೋವರೆಗೂ ಬೋರ್‌ವೆಲ್ ಟ್ಯಾಂಕಿಂದ ಲೈನ್ ಕೊಡಲ್ಲ ಅಂದ್ರು. ಅದೂ ಸಾಲದು ಅಂತ ಒಂದು ರೂಲ್ಸ್ ಹಾಳೆ ಕೊಟ್ಟು ಹೋಗಿದಾರೆ, ಮೇಲಿನ ಮನೆ ಬ್ಯಾಚುಲರ್ಸ್‌ಗೆ ಬಾಡಿಗೆ ಕೊಡೋ ಹಾಗಿಲ್ಲ, ನಾಯಿ ಸಾಕೋ ಹಾಗಿಲ್ಲ, ರಾತ್ರಿ ಹತ್ತಕ್ಕೆ ಗೇಟ್ ಬೀಗ. ಟೆಕ್ಸಾಸಲ್ಲಿರೋ ನಮ್ಮ ಬಾಮೈದನ್ನ ಕೇಳಿದ್ರೆ ಸುಮ್ನೆ ಕಟ್ಟಿಬಿಡಿ ಭಾವ, ಇಲ್ಲಿ ಕಟ್ಟದಿದ್ರೆ ಮನೇನೇ ಹರಾಜಿಗೆ ಹಾಕ್ತಾರೆ ಅಂತಾನೆ. ನಮ್ಮಲ್ಲೂ ಹಂಗೇನಾ? ಕಂದಾಯ ಬೇರೆ ಕಟ್ತಾನೇ ಇದೀವಲ್ಲ.

ನಿವೃತ್ತ_ಜೆಇ:
ಬೈಯೋಕೆ ಮುಂಚೆ ಒಂದು ವಿಷಯ ತಿಳ್ಕೊಳಿ, ನಿಮ್ಮ ಲೇಔಟ್ ಹ್ಯಾಂಡೋವರ್ ಆಗಿದ್ಯಾ? ಎಲ್ಲಾ ಅದರ ಮೇಲೇ ನಿಂತಿದೆ. ಪ್ರೈವೇಟ್ ಲೇಔಟಿಗೆ ಪ್ಲಾನ್ ಅಪ್ರೂವ್ ಮಾಡೋದು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ), ಈಗ ಎಂಡಿಎ ಅಂತಾರೆ. ಅಪ್ರೂವ್ ಆಗ್ವಾಗ ಡೆವಲಪರ್ ರೋಡು, ಪಾರ್ಕು, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಎಲ್ಲಾನೂ ಪ್ರಾಧಿಕಾರಕ್ಕೆ ಪರಿತ್ಯಾಜನ ಪತ್ರ ಮಾಡಿ ಬಿಟ್ಟುಕೊಡಬೇಕು. ಪ್ರಾಧಿಕಾರ ಅದನ್ನ ಮುಂದೆ ಕಾರ್ಪೊರೇಷನ್‌ಗೋ ಪಟ್ಟಣ ಪಂಚಾಯ್ತಿಗೋ ವಹಿಸಬೇಕು. ಯುಜಿಡಿ (ಒಳಚರಂಡಿ) ಸರಿ ಇಲ್ಲ, ಬೀದಿದೀಪ ಇಲ್ಲ ಅಂತ ಈ ಎರಡನೇ ಹೆಜ್ಜೇಲೇ ಫೈಲು ವರ್ಷಗಟ್ಟಲೆ ಕೂತಿರುತ್ತೆ. ಪೇಪರಲ್ಲಿ ಜವಾಬ್ದಾರಿ ಡೆವಲಪರ್ದು, ಅವನು ಕೊನೇ ಸೈಟ್ ಮಾರಿದ ಮೇಲೆ ಫೋನೇ ಎತ್ತಲ್ಲ, ಆಗ ಮೋಟರ್ ಕರೆಂಟ್ ಬಿಲ್ಲು ಚೆಸ್ಕಾಂಗೆ ಯಾರು ಕಟ್ತಾರೆ ಹೇಳಿ? ನಿಮ್ಮ ಸಂಘದೋರೇ.

ನಿಮ್ಮ ಕಡೆದು ಇನ್ನೊಂದು ತೊಡಕು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಇವೆಲ್ಲ 2020ರಲ್ಲಿ ಪಟ್ಟಣ ಪಂಚಾಯ್ತಿ ಆದ್ವು, ಹೂಟಗಳ್ಳಿ ನಗರಸಭೆ ಆಯ್ತು, ಅದಕ್ಕೆ ಮುಂಚೆ ಗ್ರಾಮ ಪಂಚಾಯ್ತಿ, ಈಗ ಇವನ್ನೆಲ್ಲ ನಗರಕ್ಕೆ ಸೇರಿಸೋ ಬೃಹತ್ ಮೈಸೂರು ಮಾತು. ಪ್ರತಿ ಸಲ ಬೋರ್ಡ್ ಬದಲಾದಾಗಲೂ ಫೈಲು ಹೊಸ ಟೇಬಲ್ಲಿಗೆ ಹೋಗಿ ಮತ್ತೆ ಮೊದಲಿಂದ. ಅದಕ್ಕೇ ಕಂದಾಯ ಕಟ್ಟಿಯೂ ಮೇಂಟೆನೆನ್ಸ್ ಕಟ್ಟೋ ಪರಿಸ್ಥಿತಿ ಇದೆ, ಅದನ್ನ ಸಂಘದೋರ ಮೋಸ ಅಂತ ಹೇಳೋಕಾಗಲ್ಲ.

ಇನ್ನು ಕಾನೂನು. ಬಿಡಿ ಮನೆಗಳ ಲೇಔಟಲ್ಲಿ ಸಂಘ ಅನ್ನೋದು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆಗಿರುತ್ತೆ, ಏಳು ಜನ ಸೇರಿದ್ರೆ ಸಾಕು. ಸದಸ್ಯರಾಗೋದು ನಿಮ್ಮಿಷ್ಟ, ಸೈಟ್ ತಗೊಂಡ ತಕ್ಷಣ ತಾನಾಗೇ ಸದಸ್ಯ ಅನ್ನೋದು ಇಲ್ಲ. ಆದರೆ ಕ್ರಯಪತ್ರದಲ್ಲಿ ಮೇಂಟೆನೆನ್ಸ್ ಕಟ್ತೀನಿ ಅಂತ ಒಂದು ಸಾಲು ನುಗ್ಗಿಸಿರ್ತಾರೆ, ಅದಕ್ಕೆ ಸಹಿ ಹಾಕಿದ್ರೆ ಅದು ಒಪ್ಪಂದ, ಕಥೆ ಬೇರೆ. ಮೊದಲು ಅದನ್ನ ಓದಿ. ಆಮೇಲೆ ಸೆಕ್ರೆಟರಿ ಹತ್ರ ನೋಂದಣಿ ಸರ್ಟಿಫಿಕೇಟು, ಬೈಲಾ (ಸಂಘದ ನಿಯಮಾವಳಿ), ಹೋದ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಕೊಡಲ್ಲ ಅಂದ್ರೂ ಚಿಂತೆ ಇಲ್ಲ, ಸಂಘ ವರ್ಷವರ್ಷ ಸಭೆ ಮಾಡಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಎಲ್ಲಾ ಜಿಲ್ಲಾ ರಿಜಿಸ್ಟ್ರಾರ್‌ಗೆ ಸಲ್ಲಿಸಲೇಬೇಕು, ಅಲ್ಲಿಂದ ಪ್ರತಿ ತಗೋಬಹುದು. ಸಲ್ಲಿಸಿಲ್ಲ ಅಂತ ಗೊತ್ತಾದ್ರೂ ನಿಮಗೆ ಒಂದು ಉತ್ತರ ಸಿಕ್ಕ ಹಾಗೇ.

ನೀರಿನ ವಿಷಯದಲ್ಲಿ ನಾನು ಎರಡೂ ಕಡೆ ಮಾತಾಡ್ತೀನಿ. ಕಾರ್ಪಸ್ ಕೊಡದಿದ್ರೆ ನೀರಿಲ್ಲ ಅನ್ನೋದು ತಪ್ಪು, ಹಾಳೆ ಮೇಲೆ ರೂಲ್ಸ್ ಬರೆದ ಮಾತ್ರಕ್ಕೆ ಆ ಅಧಿಕಾರ ಬರಲ್ಲ. ಆದರೆ ನಾನು ಸದಸ್ಯ ಅಲ್ಲ, ನೀರು ಮಾತ್ರ ಬಿಡಿ ಅನ್ನೋದೂ ಮರ್ಯಾದೆ ಅಲ್ಲ ಸ್ವಾಮಿ. ಬಳಸಿದ್ದಕ್ಕೆ ಪಾಲು ಕೊಡಿ.

ಡಲ್ಲಾಸ್_ಮೈಸೂರಿಗ:
ನಿಮ್ಮ ಬಾಮೈದ ಹೇಳಿದ್ದು ಇಲ್ಲಿಗೆ ನಿಜ. ಇಲ್ಲಿ ಮನೆ ಮಾರೋಕೆ ಮುಂಚೆನೇ ಬಿಲ್ಡರ್ ಕವನೆಂಟ್ ಅಂತ ಒಂದು ಷರತ್ತುಗಳ ದಾಖಲೆ ಕೌಂಟಿಲಿ ರಿಜಿಸ್ಟರ್ ಮಾಡಿಸಿರ್ತಾನೆ, ಅದು ಜಾಗದ ಜೊತೆಗೇ ಅಂಟಿಕೊಂಡು ಬರುತ್ತೆ, ಯಾರು ಮನೆ ತಗೊಂಡ್ರೂ ಆಟೋಮ್ಯಾಟಿಕ್ ಎಚ್‌ಒಎ (ಮನೆ ಮಾಲೀಕರ ಸಂಘ) ಸದಸ್ಯ, ಬೇಡ ಅನ್ನೋ ಆಪ್ಷನ್ನೇ ಇಲ್ಲ. ಹುಲ್ಲು ಕತ್ತರಿಸಿಲ್ಲ ಅಂತ ಲೆಟರ್, ಕಸದ ಡಬ್ಬ ರೋಡಿಂದ ಕಾಣುತ್ತೆ ಅಂತ ಫೈನ್. ಬಾಕಿ ಉಳಿಸಿದ್ರೆ ಮನೆ ಮೇಲೆ ಲೀನ್, ಅಂದ್ರೆ ಬಾಕಿಯ ಹೊರೆ, ಹಾಕ್ತಾರೆ, ಮುಂದುವರಿದ್ರೆ ಹರಾಜೂ ಆಗಬಹುದು. ಆ ಭಯನ ನಿಮ್ಮ ಬೋಗಾದಿ ಸೈಟಿಗೆ ತರಬೇಡಿ, ಎರಡಕ್ಕೂ ಸಂಬಂಧ ಇಲ್ಲ.

ಫ್ಲಾಟ್_ವಿಜಯನಗರ:
ಇದನ್ನ ಓದೋ ಅಪಾರ್ಟ್‌ಮೆಂಟ್ ಜನ ನಾವೂ ಕಟ್ಟದೆ ಇರಬಹುದು ಅಂದ್ಕೋಬೇಡಿ ಮತ್ತೆ! ಫ್ಲಾಟಿಗೆ ಇನ್ನೊಂದು ಕಾಯ್ದೆ ಇದೆ, ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972. ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನ ಈ ಕಾಯ್ದೆಗೆ ಒಳಪಡಿಸೋ ಘೋಷಣಾ ಪತ್ರ) ರಿಜಿಸ್ಟರ್ ಆದ ಮೇಲೆ ಪ್ರತಿ ಓನರೂ ಸದಸ್ಯ, ಲಿಫ್ಟು ಸಂಪು ಟೆರೇಸು ಎಲ್ಲದರಲ್ಲೂ ಅವಿಭಾಜ್ಯ ಪಾಲು, ಕಟ್ಟದೆ ಉಳಿಸಿದ ಬಾಕಿ ಆ ಫ್ಲಾಟ್ ಮೇಲೇ ಹೊರೆಯಾಗಿ ಕೂರುತ್ತೆ. ಸೆಕೆಂಡ್ ಹ್ಯಾಂಡ್ ಫ್ಲಾಟ್ ತಗೊಳೋರು ಹಳೇ ಓನರ್ ಬಾಕಿ ಇಲ್ಲ ಅಂತ ಲೆಟರ್ ತಗೊಳ್ದೆ ರಿಜಿಸ್ಟ್ರೇಷನ್‌ಗೆ ಹೋಗಬೇಡಿ. ಹೊಸ ಪ್ರಾಜೆಕ್ಟ್ ಆದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆ, ಪೊಸೆಷನ್ ಕೊಟ್ಟು ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡ್ರೆ ಬಿಲ್ಡರೇ ರಿಪೇರಿ ಮಾಡಿಕೊಡಬೇಕು, ಅದಕ್ಕೆ ಅಸೋಸಿಯೇಷನ್ ದುಡ್ಡು ಮುಟ್ಟಬೇಡಿ. ನಮ್ಮಲ್ಲಿ ತಾರಸಿ ಸೋರಿದ್ದಕ್ಕೆ ಕಾರ್ಪಸ್ಸಿಂದ ತೆಗೆದು ಖರ್ಚು ಮಾಡಿ ಆಮೇಲೆ ಒಂದು ವರ್ಷ ಜಗಳ.

ಮಂಡ್ಯದ್_ಹೈದ:
ಏನ್ ಸಾ ಎಲ್ರೂ ಕಾಯ್ದೆ ಪುಸ್ತಕ ತಕಂದು ಕುಂತವ್ರೆ! ನಮ್ ಬಡಾವಣೆಲೂ ಸಂಘ ಅದೆ, ನಾನು ಕಮಿಟಿಲಿ ಅವ್ನಿ, ನಮ್ ಕಷ್ಟ ಏನೂಂತ ಕೇಳಿ. ಮೀಟಿಂಗ್‌ಗೆ ಬನ್ರಪ್ಪ ಅಂದ್ರೆ ಒಬ್ರೂ ಬರಕಿಲ್ಲ, ವಾಟ್ಸಾಪಲ್ಲಿ ಮಾತ್ರ ಮೂಟೆಗಟ್ಲೆ ಬುದ್ಧಿ ಹೇಳ್ತರೆ. ಚರಂಡಿ ಕಟ್ಕೊಂಡ್ರೆ ರಾತ್ರಿ ಹನ್ನೊಂದಕ್ಕೆ ಫೋನು. ದುಡ್ಡು ಕೇಳಕ್ ಹೋದ್ರೆ ಯಜಮಾನ್ರು ಊರಲ್ಲಿಲ್ಲ ಅಂತ ಒಳಗಿಂದ ಯಜಮಾನ್ರೇ ಹೇಳ್ತರೆ.

ಆದ್ರೆ ಒಂದ್ ಮಾತು, ಸಂಘ ಇದ್ದಿದ್ಕೇ ನಮ್ ಪಾರ್ಕ್ ಉಳೀತು ಕನ. ಒಂದ್ ಮೂಲೇಲಿ ಶೆಡ್ ಎಬ್ಸಿ ಆಮೇಲೆ ಸೈಟ್ ಮಾಡ್ಕಳ ಪ್ಲಾನ್ ಹಾಕಿದ್ರು. ಅಪ್ರೂವ್ಡ್ ಪ್ಲಾನ್ ಕಾಪಿ ಬೇಕೂಂತ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕ್ದೋ, ಪ್ಲಾನಲ್ಲಿ ಪಾರ್ಕು ಅಂತ ಹಸಿರು ಬಣ್ಣ ಬಳ್ದಿತ್ತು, ಎಲ್ರೂ ಸಹಿ ಹಾಕಿ ಅರ್ಜಿ ಕೊಟ್ಟೋ, ಶೆಡ್ ಹೋಯ್ತು. ಒಬ್ನೇ ಹೋಗಿದ್ರೆ ನಾಳೆ ಬಾ ಅಂತಿದ್ರು. ಆರ್‌ಟಿಐ ಅರ್ಜಿ ನಮ್ ರಾಜ್ಯದಲ್ಲಿ 150 ಪದ ದಾಟಂಗಿಲ್ಲ, ಪುರಾಣ ಬರ್ದು ಕಳಿಸ್ಬೇಡಿ, ವಾಪಸ್ ಬತ್ತದೆ. ನೀವೂ ಕಮಿಟಿಗೆ ಬನ್ನಿ ಅನ್ನದು ನನ್ ಮಾತು, ಹೊರ್ಗೆ ನಿಂತ್ಕಂದು ಲೆಕ್ಕ ಕೇಳದ್ಕಿಂತ ಒಳಗ್ ಬಂದು ನೋಡಿ.

ಕುವೆಂಪುನಗರ_ಗೃಹಿಣಿ:
ಒಳಗೆ ಬನ್ನಿ ಅನ್ನೋದು ಸುಲಭ ಅಣ್ಣ. ನಮ್ಮ ಸಂಘದಲ್ಲಿ ಮನೆ ನನ್ನ ಹೆಸರಲ್ಲಿದ್ರೂ ಸದಸ್ಯರ ಪಟ್ಟೀಲಿ ನಮ್ಮ ಯಜಮಾನರ ಹೆಸರಿತ್ತು! ವಾರ್ಷಿಕ ಸಭೇಲಿ ಕೈ ಎತ್ತಿದಾಗ ಮೇಡಂ ನಿಮಗೆ ಓಟಿಲ್ಲ ಅಂದ್ರು. ಬೈಲಾ ತರಿಸಿ ಓದಿದ್ರೆ ಮಾಲೀಕರೇ ಸದಸ್ಯರು ಅಂತ ಸ್ಪಷ್ಟವಾಗಿ ಇದೆ, ಬರೆದಿದ್ದನ್ನ ಅವರೇ ಓದಿರಲಿಲ್ಲ. ಹಾಗಾಗಿ ದುಡ್ಡು ಕಟ್ಟೋ ದಿನವೇ ರಸೀದಿ ಯಾರ ಹೆಸರಲ್ಲಿದೆ ನೋಡ್ಕೊಳಿ, ಜಂಟಿ ಇದ್ರೆ ಇಬ್ಬರ ಹೆಸರೂ ಬರೆಸಿ. ಬಾಡಿಗೆಯವರಿಗೆ ಸಾಮಾನ್ಯವಾಗಿ ಓಟ್ ಇರಲ್ಲ, ಆದ್ರೆ ಮೇಂಟೆನೆನ್ಸ್ ಮಾತ್ರ ಅವರ ಕೈಲೇ ಕಟ್ಟಿಸ್ತಾರೆ, ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಆ ರೂಲ್ಸ್ ಹಾಳೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಾಯಿ ಸಾಕೋದನ್ನೇ ಬ್ಯಾನ್ ಮಾಡೋ ಹಕ್ಕು ಸಂಘಕ್ಕಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆನೇ ಇದೆ, ಗಲೀಜು ಮಾಡಿದ್ರೆ ಕ್ಲೀನ್ ಮಾಡಿ ಅಂತ ಹೇಳಬಹುದು ಅಷ್ಟೆ. ರೋಡು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ರೆ ಅದು ಸಾರ್ವಜನಿಕ ರಸ್ತೆ, ಬೀಗ ಹಾಕೋಕೆ ಯಾರಪ್ಪನ ಮನೆ ಆಸ್ತಿನೂ ಅಲ್ಲ, ವಾಚ್‌ಮನ್ ಇಡಲಿ ಬೇಕಿದ್ರೆ. ಇನ್ನೊಂದು, ಮೇಂಟೆನೆನ್ಸ್ ದುಡ್ಡಲ್ಲೇ ಗಣೇಶನ ಪೆಂಡಾಲು ರಾಜ್ಯೋತ್ಸವದ ಆರ್ಕೆಸ್ಟ್ರಾ ಎಲ್ಲಾ ಸೇರಿಸಿ ಇತರೆ ಖರ್ಚು ಅಂತ ಒಂದೇ ಸಾಲು ಬರೀತಾರೆ. ಚಂದಾ ಬೇರೆ ಎತ್ತಿ, ಲೆಕ್ಕ ಬೇರೆ ಇಡಿ ಅಂತ ಸಭೇಲಿ ಹೇಳಿ ನಿರ್ಣಯ ಪುಸ್ತಕದಲ್ಲಿ ಬರೆಸಿ.

ಹೊಸಮನೆ_ಬೋಗಾದಿ:
ಎಲ್ರಿಗೂ ಥ್ಯಾಂಕ್ಸ್. ಕ್ರಯಪತ್ರ ತೆಗೆದು ನೋಡಿದೆ, ಹನ್ನೊಂದನೇ ಪುಟದಲ್ಲಿ ಡೆವಲಪರ್ ಅಥವಾ ಮುಂದೆ ರಚನೆಯಾಗೋ ಸಂಘಕ್ಕೆ ನಿರ್ವಹಣಾ ವೆಚ್ಚ ಕೊಡತಕ್ಕದ್ದು ಅಂತ ಇದೆ. ಕಾರ್ಪಸ್ ಅನ್ನೋ ಪದ ಎಲ್ಲೂ ಇಲ್ಲ. ಸರ್ಟಿಫಿಕೇಟ್ ಫೋಟೋ ವಾಟ್ಸಾಪಲ್ಲಿ ಕಳಿಸಿದಾರೆ, ರಿಜಿಸ್ಟರ್ ಆಗಿದೆ. ಕಾರ್ಪಸ್ ದುಡ್ಡು ಎಲ್ಲಿಟ್ಟಿದೀರಾ ಅಂದಿದ್ದಕ್ಕೆ ಟ್ರೆಷರರ್ ಹತ್ರ ಸೇಫಾಗಿದೆ ಅಂದ್ರು.

ನಿವೃತ್ತ_ಜೆಇ:
ಟ್ರೆಷರರ್ ಹತ್ರ ಸೇಫಾಗಿದೆ ಅಂದ್ರೆ ಸೇಫಿಲ್ಲ ಅಂತಾನೇ ಅರ್ಥ! ಸಂಘದ ಹೆಸರಲ್ಲಿ ಪ್ಯಾನ್ ಇರಬೇಕು, ಸಂಘದ ಹೆಸರಲ್ಲೇ ಬ್ಯಾಂಕ್ ಅಕೌಂಟು, ಇಬ್ಬರ ಸಹಿ ಇಲ್ದೆ ಚೆಕ್ ಹೋಗಬಾರದು, ಕಾರ್ಪಸ್ ಎಫ್‌ಡಿಲಿರಬೇಕು. ತಿಂಗಳ 600 ಇವತ್ತಿಂದಲೇ ಶುರು ಮಾಡಿ, ಬ್ಯಾಂಕ್ ಟ್ರಾನ್ಸ್‌ಫರ್ ಮಾತ್ರ, ಕ್ಯಾಶ್ ಬೇಡ. ಜೊತೆಗೆ ಒಂದು ಲೆಟರ್ ಕೊಡಿ, ನಿರ್ವಹಣಾ ವೆಚ್ಚ ಕಟ್ತಾ ಇದೀನಿ, ನೀರಿನ ಲೈನ್ ಕೊಡಿ, ಕಾರ್ಪಸ್ ಯಾವ ಸಭೇಲಿ ಯಾವ ನಿರ್ಣಯದಿಂದ ಆಯ್ತು ಅನ್ನೋದರ ಪ್ರತಿ ಕೊಟ್ರೆ ಅದನ್ನೂ ನೋಡ್ತೀನಿ ಅಂತ. ನಕಲು ಪ್ರತಿ ಮೇಲೆ ಸೀಲು ಹಾಕಿಸ್ಕೊಳಿ.

ಮಂಡ್ಯದ್_ಹೈದ:
ಲೆಟರ್ ಗಿಟರ್ ಕೊಟ್ರೆ ಮೊದಲ್ನೇ ದಿನವೇ ವೈರಿ ಆಯ್ತೀರಿ ಸಾ. ಅಧ್ಯಕ್ಷರ ಮನೆಗ್ ಹೋಗಿ ಕಾಪಿ ಕುಡ್ದು ಬಾಯ್ಮಾತಲ್ಲಿ ಕೇಳಿ ಮೊದ್ಲು.

ನಿವೃತ್ತ_ಜೆಇ:
ಕಾಫಿ ಕುಡೀರಿ, ಲೆಟರ್ ಜೇಬಲ್ಲಿಟ್ಕೊಂಡು ಹೋಗಿ. ಅದರಲ್ಲೂ ಆಗದಿದ್ರೆ ನಿಮ್ಮ ಹಾಗೇ ಕೇಳ್ತಿರೋ ಸದಸ್ಯರು ಇನ್ಯಾರಿದಾರೆ ಪತ್ತೆ ಮಾಡಿ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದ್ರೆ ಆ 1960ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರೇ ವಿಚಾರಣೆ ಮಾಡಬಹುದು. ಅದಕ್ಕೆ ಮೊದಲು ನೀವು ಸದಸ್ಯರಾಗಿರಬೇಕು, ಆ ಮೆಂಬರ್‌ಶಿಪ್ ಫೀಸ್ ಮಾತ್ರ ಕಟ್ಟಿಬಿಡಿ.