‘ಅಕ್ರೊಪೊಲಿಸ್’ಗೆ ಕನ್ನಡದಲ್ಲಿ ‘ಕೋಟೆ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಗ್ರೀಸಿನ ಊರುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಅಕ್ರೊಪೊಲಿಸ್’ ಬಂದಲ್ಲೆಲ್ಲ ತಡವರಿಸುವಂತಾಗಿದೆ. ಗ್ರೀಕಿನಲ್ಲಿ ‘ಆಕ್ರೊಸ್’ ಅಂದರೆ ತುದಿಯ, ಎಲ್ಲಕ್ಕಿಂತ ಮೇಲಿನ. ‘ಪೊಲಿಸ್’ ಅಂದರೆ ಊರು. ಒಟ್ಟಿನಲ್ಲಿ ಊರಿನ ನೆತ್ತಿಯ ಗುಡ್ಡದ ಮೇಲೆ ಗೋಡೆ ಕಟ್ಟಿಕೊಂಡ ಜಾಗ. ನಮಗೆ ಜಾಸ್ತಿ ಗೊತ್ತಿರುವುದು ಅಥೆನ್ಸಿನದು. ಆದರೆ ಆರ್ಗೊಸ್, ಥೀಬ್ಸ್, ಕೊರಿಂಥ್ ಊರುಗಳಿಗೂ ಇಂಥವು ಇದ್ದವು. ಆರ್ಗೊಸಿನದಕ್ಕೆ ಲಾರಿಸಾ, ಥೀಬ್ಸಿನದಕ್ಕೆ ಕಾಡ್ಮಿಯಾ ಅಂತ ಸ್ವಂತ ಹೆಸರೇ ಇತ್ತು.

ಸುಮ್ನೆ ‘ಕೋಟೆ’ ಅಂತ ಬರೆಯೋಣವೆಂದರೆ ತೊಡಕಿದೆ. ಕೊರಿಂಥನ್ನೇ ನೋಡಿ. ಊರು ಕೆಳಗೆ. ಅದರ ಬೆನ್ನಿಗೆ 575 ಮೀಟರ್ ಎತ್ತರದ ಬಂಡೆಗುಡ್ಡ, ಅಕ್ರೊಕೊರಿಂಥ್. ಗುಡ್ಡದ ಮೇಲೆ ಒಂದು ಕೋಟೆ. ಊರ ಸುತ್ತಲಿನ ಗೋಡೆ ಗುಡ್ಡ ಹತ್ತಿ ಹೋಗಿ ಅದಕ್ಕೆ ಕೂಡಿಕೊಳ್ಳುತ್ತಿತ್ತು. ಮೇಲೆ ಪಿರೀನಿ ಎಂಬ ನೀರಿನ ಸೆಲೆಯೂ ಇದೆ. ಕನ್ನಡದಲ್ಲಿ ಕೆಳಗಿನ ಗೋಡೆಯೂ ಕೋಟೆ, ಮೇಲಿನದೂ ಕೋಟೆ. ‘ಶತ್ರುಗಳು ಕೋಟೆ ದಾಟಿದರು, ಜನ ಕೋಟೆ ಸೇರಿಕೊಂಡರು’ ಅಂತ ಬರೆದರೆ ಓದುವ ಹುಡುಗಿಗೆ ಏನು ಅರ್ಥವಾದೀತು?

ಅಥೆನ್ಸಿನ ತೊಡಕು ಬೇರೆ ಥರದ್ದು. ಕ್ರಿ.ಪೂ. 13ನೇ ಶತಮಾನದಲ್ಲಿ ಭಾರೀ ಬಂಡೆಗಳನ್ನು ಪೇರಿಸಿ ಗೋಡೆ ಕಟ್ಟಿದಾಗ ಅದು ನಿಜಕ್ಕೂ ಕೋಟೆಯೇ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಬಂದಾಗಲೂ ಕೆಲವರು ಮೇಲೆ ಉಳಿದು, ಮರದ ತಡೆ ಕಟ್ಟಿ, ದುಂಡು ಕಲ್ಲು ಉರುಳಿಸಿ ಕಾದಾಡಿದರು. ಪರ್ಷಿಯನ್ನರು ಎದುರಿನ ಗುಡ್ಡದಿಂದ ಬೆಂಕಿಬಾಣ ಬಿಟ್ಟು ಆ ತಡೆಯನ್ನು ಸುಟ್ಟರು. ಆದರೆ ಕ್ರಿ.ಪೂ. 447ರಲ್ಲಿ ಪಾರ್ಥೆನಾನ್ ಗುಡಿ ಕಟ್ಟಲು ಶುರುಮಾಡುವ ಹೊತ್ತಿಗೆ ಅದು ಮುಖ್ಯವಾಗಿ ಅಥೀನಾ ದೇವಿಯ ಜಾಗ. ಬರೀ ‘ಕೋಟೆ’ ಅಂದರೆ ಗುಡಿಯನ್ನು ಬಿಟ್ಟಂತಾಗುತ್ತದೆ.

‘ಮೇಲ್ಕೋಟೆ’ ಹೇಳಿ ಮಾಡಿಸಿದ ಹಾಗಿದೆ. ಆದರೆ ಅಂದ ಕೂಡಲೇ ಚೆಲುವನಾರಾಯಣನೇ ನೆನಪಾಗುತ್ತಾನೆ, ಅಲ್ವಾ? ‘ಗಿರಿದುರ್ಗ’ದಲ್ಲಿ ಬೆಟ್ಟವಿದೆ, ಊರಿಲ್ಲ. ನನ್ನ ಒಲವು ಚಿತ್ರದುರ್ಗದ ‘ಮೇಲುದುರ್ಗ’ದ ಕಡೆಗೆ. ಕೆಳಗೊಂದು ಊರಿದೆ ಅನ್ನುವುದನ್ನು ಆ ‘ಮೇಲು’ ಹೇಳಿಬಿಡುತ್ತದೆ. ಅಥೆನ್ಸಿನದನ್ನು ಹೆಸರಾಗಿ ಅಕ್ರೊಪೊಲಿಸ್ ಅಂತಲೇ ಉಳಿಸಿ, ಬೇರೆಡೆ ಮೇಲುದುರ್ಗ ಅನ್ನೋಣ ಅಂದುಕೊಂಡಿದ್ದೇನೆ.

ಊರಿನ ನೆತ್ತಿಯಲ್ಲಿ ಗುಡಿಯೂ ಗೋಡೆಯೂ ಒಟ್ಟಿಗಿರುವ ಜಾಗಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯೇ? ಇದ್ದರೆ ಯಾವ ಊರಲ್ಲಿ ಹಾಗನ್ನುತ್ತಾರೆ ಅಂತಲೂ ದಯವಿಟ್ಟು ಬರೆಯಿರಿ.