ಸಂಪುಟ ಪುನಾರಚನೆಯೂ ತೀರ್ಥಹಳ್ಳಿಯ ಮಂಡಿಯೂ

ಕೇಂದ್ರ ಸಂಪುಟದ ಪುನಾರಚನೆ ಇಂದೋ ನಾಳೆಯೋ ಆಗಲಿದೆ ಎಂಬ ಸುದ್ದಿ ಆಗಾಗ ತೀರ್ಥಹಳ್ಳಿಯನ್ನು ತಲುಪುತ್ತಲೇ ಇರುತ್ತದೆ. ಅದು ನಿಜವಾಗುವುದು ಅಪರೂಪವಾದರೂ ಶೆಟ್ಟರ ಅಡಿಕೆ ಮಂಡಿಯ ಜಗಲಿಯಲ್ಲಿ ಕುಳಿತವರು ಕನಿಷ್ಠ ನಾಲ್ವರಿಗಾದರೂ ಪ್ರಮಾಣವಚನ ಬೋಧಿಸದೆ ಮೇಲೇಳುವುದಿಲ್ಲ. ಈ ಸಲ ಮೇಷ್ಟ್ರು ಪತ್ರಿಕೆಯನ್ನು ಮಡಚಿ, ಕನ್ನಡಕವನ್ನು ಹಣೆಗೇರಿಸಿ, ಸಂವಿಧಾನದಿಂದಲೇ ಆರಂಭಿಸಿದರು.

“ಬೇಕಾದಷ್ಟು ಜನರನ್ನು ಸೇರಿಸಿಕೊಳ್ಳುವ ಕಾಲ ಹೋಯಿತು. 2003ರ 91ನೇ ತಿದ್ದುಪಡಿಯ ಪ್ರಕಾರ, ಪ್ರಧಾನಿಯೂ ಸೇರಿದಂತೆ ಸಚಿವರ ಸಂಖ್ಯೆ ಲೋಕಸಭೆಯ ಬಲದ ಶೇಕಡ 15ನ್ನು ಮೀರುವಂತಿಲ್ಲ. 543ಕ್ಕೆ ಲೆಕ್ಕ ಹಾಕಿದರೆ 81 ಆಗುತ್ತದೆ. 2024ರ ಜೂನ್ 9ರಂದು ಪ್ರಧಾನಿಯೂ ಸೇರಿ ಪ್ರಮಾಣವಚನ ಸ್ವೀಕರಿಸಿದವರು 72 ಮಂದಿ. ಉಳಿದ ಒಂಬತ್ತು ಕುರ್ಚಿಗಳನ್ನು ಆ ದಿನ ಖಾಲಿ ಬಿಟ್ಟಿದ್ದರು.”

“ಉಳಿದ ಸಂಸದರು ಶಿಸ್ತಿನಿಂದ ಇರುವುದೇ ಆ ಖಾಲಿ ಕುರ್ಚಿಗಳ ದೆಸೆಯಿಂದ,” ಎಂದ ಗೌಡರು ಆ ಕಾನೂನನ್ನು ಅಲ್ಲಿಯೇ ತಮ್ಮ ಮನೆಗೂ ಅನ್ವಯಿಸಿದರು. “ನಮ್ಮ ಮನೆಯಲ್ಲಿ ಏಳು ಜನರಿದ್ದೇವೆ. ಶೇಕಡ 15 ಎಂದರೆ ಒಬ್ಬರಿಗಷ್ಟೇ ಅವಕಾಶ. ನನ್ನ ಮದುವೆಗಿಂತ ಮೊದಲೇ ಆ ಸ್ಥಾನದಲ್ಲಿ ಕುಳಿತ ಅಮ್ಮ ಇನ್ನೂ ಎದ್ದಿಲ್ಲ. ಪುನಾರಚನೆಯ ಮಾತು ಬಂದಾಗಲೆಲ್ಲ ಹೆಂಡತಿ ನನ್ನ ಕಡೆ ನೋಡುತ್ತಾಳೆ, ನಾನು ಕೊಟ್ಟಿಗೆಯ ಕಡೆ ನೋಡುತ್ತೇನೆ.”

ಭಟ್ಟರಿಗೆ ಈ ಲೆಕ್ಕಾಚಾರ ಬೇಕಿರಲಿಲ್ಲ. ಮಳೆ ಬಿಡುವು ಕೊಡದೆ ಮದ್ದು ಹೊಡೆಯುವುದು ತಡವಾಗಿ, ಅಡಿಕೆ ಮರ ಹತ್ತುವ ಕೊನೆಗಾರ ಇಂದು ನಾಳೆ ಎನ್ನುತ್ತ ಕೈಗೆ ಸಿಗದೆ, ತೋಟದಲ್ಲಿ ಎಲೆಚುಕ್ಕಿ ರೋಗ ಹರಡುತ್ತಿದ್ದ ಹೊತ್ತಿನಲ್ಲಿ ಅವರಿಗೆ ಬೇಕಾಗಿದ್ದುದು ಒಂದೇ ಮಾಹಿತಿ: ಅಡಿಕೆಯ ಸಚಿವರು ಯಾರು?

ಅಲ್ಲಿಂದ ಹರಟೆ ಬಿಸಿಯೇರಿತು. ಮರವು ಬೆಳೆಯಾದ್ದರಿಂದ, ಅದರ ರೋಗ ಸಹಿತ ಕೃಷಿ ಸಚಿವಾಲಯಕ್ಕೆ ಸೇರಿದ್ದು ಎಂದರು ಮೇಷ್ಟ್ರು. ಹೊರದೇಶದ ಅಡಿಕೆ ಒಳಗೆ ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ವಾಣಿಜ್ಯ ಸಚಿವಾಲಯವೆಂದು, ಕಿಲೋ ಒಂದಕ್ಕೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದ್ದೂ, ಅದಕ್ಕೂ ಮುನ್ನ 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಕಟ್ಟುಪಾಡಿಲ್ಲದೆ ಬಾಗಿಲು ತೆರೆದದ್ದೂ ಅದೇ ಸಚಿವಾಲಯವೆಂದು ಶೆಟ್ಟರು ತಕ್ಕಡಿಯ ಪಕ್ಕದಿಂದಲೇ ತಿಳಿಸಿದರು. ಸುಂಕ ಹಣಕಾಸು ಖಾತೆಯದ್ದು. ಗುಟ್ಕಾ ನಿಷೇಧದ ಮಾತು ಹೊರಡುವುದು ಆರೋಗ್ಯ ಖಾತೆಯಿಂದ. ಅದು ಹೊರಟ ದಿನ ಮಂಡಿಯಲ್ಲಿ ರಾಶಿ, ಬೆಟ್ಟೆ ಎಂಬ ಎರಡೂ ಬಗೆಯ ಅಡಿಕೆಗಳು ಒಟ್ಟಿಗೇ ಮುಖ ಬಾಡಿಸುತ್ತವೆ.

“ನನ್ನ ತೋಟವಿರುವುದು ಎರಡೇ ಎಕರೆ,” ಎಂದರು ಭಟ್ಟರು. “ಅದರಲ್ಲಿ ಮರ ಕೃಷಿ ಸಚಿವರದ್ದು, ಬುಡದ ಏಲಕ್ಕಿ ವಾಣಿಜ್ಯ ಸಚಿವರ ಸಾಂಬಾರ ಮಂಡಳಿಯದ್ದು, ನೆರಳಿನ ಕಾಫಿ ಅವರದೇ ಕಾಫಿ ಮಂಡಳಿಯದ್ದು, ಹಾಕಿದ ಗೊಬ್ಬರ ರಸಗೊಬ್ಬರ ಸಚಿವರದ್ದು. ಸಾಲವೊಂದು ಮಾತ್ರ ಪೂರ್ತಿ ನನ್ನದು.”

ಹಾಗಾದರೆ ಪುನಾರಚನೆಯಿಂದ ಭಟ್ಟರಿಗೆ ಆಗುವ ಲಾಭವೇನು ಎಂಬುದನ್ನು ನೋಡಲು ಮೇಷ್ಟ್ರು 2021ರ ಜುಲೈ 7ನ್ನು ಬಿಚ್ಚಿದರು. ಹನ್ನೆರಡು ಸಚಿವರ ರಾಜೀನಾಮೆ, 43 ಮಂದಿಯ ಪ್ರಮಾಣವಚನ, ಟಿವಿಯಲ್ಲಿ ಇಡೀ ದಿನದ ಸಂಭ್ರಮ. ಆದರೆ ಅಡಿಕೆಗೆ ಸಂಬಂಧಪಟ್ಟ ನಾಲ್ಕು ಕುರ್ಚಿಗಳಲ್ಲಿ ಕೃಷಿಯ ತೋಮರ್, ವಾಣಿಜ್ಯದ ಗೋಯಲ್, ಹಣಕಾಸಿನ ನಿರ್ಮಲಾ ಸೀತಾರಾಮನ್ ಕುಳಿತಲ್ಲಿಯೇ ಇದ್ದರು. ಬದಲಾದದ್ದು ಆರೋಗ್ಯ ಖಾತೆಯೊಂದೇ. ನನಗೆ ತೋರುವಂತೆ ಮಂಡಿಯಲ್ಲಿ ಅಂದು ಆಡಿದ ಮಾತುಗಳಲ್ಲೆಲ್ಲ ತೂಕವಿದ್ದದ್ದು ಇದಕ್ಕೆ ಮಾತ್ರ. ಇಳಿದವರನ್ನೂ ಏರಿದವರನ್ನೂ ಎಣಿಸುವ ಭರದಲ್ಲಿ, ಅಲುಗಾಡದೆ ಕುಳಿತವರನ್ನು ನಾವು ಗಮನಿಸಿರಲೇ ಇಲ್ಲ.

“ಕರ್ನಾಟಕಕ್ಕೆ ನಾಲ್ಕು ಹೊಸ ಸ್ಥಾನಗಳು ಬಂದವಲ್ಲ, ಅದರಲ್ಲಿ ನಮ್ಮ ಪಕ್ಕದ ಉಡುಪಿ-ಚಿಕ್ಕಮಗಳೂರಿನ ಶೋಭಾ ಕರಂದ್ಲಾಜೆಯವರಿಗೆ ಕೃಷಿಯೇ ಸಿಕ್ಕಿತಲ್ಲ!” ಎಂದು ಗೌಡರು ಆಕ್ಷೇಪಿಸಿದರು.

“ನಾಲ್ಕೂ ರಾಜ್ಯ ಸಚಿವರ ಸ್ಥಾನಗಳು, ಗೌಡರೆ,” ಎಂದರು ಭಟ್ಟರು. “ಸಂಪುಟ ದರ್ಜೆಯವರು ಮರ ಹತ್ತುವ ಕೊನೆಗಾರರು, ರಾಜ್ಯ ಸಚಿವರು ಕೆಳಗೆ ಹಗ್ಗ ಹಿಡಿಯುವವರು. ಸ್ವತಂತ್ರ ನಿರ್ವಹಣೆ ಎಂದರೆ ತಾನೇ ಹತ್ತಿ ತಾನೇ ಹಗ್ಗ ಹಿಡಿಯುವುದು. ಅಂದು ನಮ್ಮ ಕಡೆಯಿಂದ ಸದಾನಂದ ಗೌಡರೆಂಬ ಒಬ್ಬ ಕೊನೆಗಾರರು ಇಳಿದರು, ಹಗ್ಗಕ್ಕೆ ನಾಲ್ವರು ಬಂದರು.”

ಸದಾನಂದ ಗೌಡರ ಹೆಸರು ಬಂದದ್ದೇ ಮೇಷ್ಟ್ರು ಅವರ ಖಾತೆಗಳನ್ನು ಬೆರಳಿನಲ್ಲಿ ಎಣಿಸಿದರು: 2014ರ ಮೇ ತಿಂಗಳಲ್ಲಿ ರೈಲ್ವೆ, ಅದೇ ನವೆಂಬರಿನಲ್ಲಿ ಕಾನೂನು, 2016ರಲ್ಲಿ ಸಾಂಖ್ಯಿಕ, ಅನಂತಕುಮಾರ್ ನಿಧನದ ನಂತರ ರಸಗೊಬ್ಬರ. ರೈಲನ್ನೇ ಕಾಣದ ತೀರ್ಥಹಳ್ಳಿಯವರಾದ ನಮಗೆ ಮೊದಲನೆಯದು ಹೋದದ್ದಕ್ಕೆ ದುಃಖಪಡುವ ಅರ್ಹತೆಯೂ ಇರಲಿಲ್ಲ.

“ಖಾತೆಯೇ ಇಲ್ಲದೆ ಸಚಿವರಾಗಬಹುದೇ?” ಎಂದು ಶೆಟ್ಟರು ಕೇಳಿದರು. ಆಗಬಹುದು ಎಂದ ಮೇಷ್ಟ್ರು ಶಾಸ್ತ್ರಿಯವರ ಕಥೆ ಹೇಳಿದರು. 1963ರ ಕಾಮರಾಜ ಯೋಜನೆಯಡಿ ಪಕ್ಷದ ಕೆಲಸಕ್ಕೆಂದು ಅಧಿಕಾರ ಬಿಟ್ಟವರು, ನೆಹರೂ ಅಸ್ವಸ್ಥರಾದಾಗ ಖಾತೆರಹಿತ ಸಚಿವರಾಗಿ ಮರಳಿ, 1964ರ ಜೂನಿನಲ್ಲಿ ಪ್ರಧಾನಿಯೇ ಆದರು. ಇದನ್ನು ಕೇಳಿದ ಭಟ್ಟರು, ಹೆರಿಗೆಗೆ ಬಂದ ಮಗಳ ಜೊತೆ ಬಂದು ಇನ್ನೂ ಹೊರಡದ ತಮ್ಮ ಅಳಿಯನನ್ನು ಇನ್ನು ಮುಂದೆ ಸ್ವಲ್ಪ ಎಚ್ಚರಿಕೆಯಿಂದ ಗಮನಿಸಬೇಕಾದೀತು ಎಂದರು.

ಕಡೆಗೆ ಭೂತಾನದ ಅಡಿಕೆಯ ಕುರಿತು ಮನವಿ ಬರೆಯುವುದೆಂದು ತೀರ್ಮಾನವಾಯಿತು. ಸಚಿವರ ಹೆಸರು ಬರೆದರೆ ಪುನಾರಚನೆಯಾದಾಗ ಮತ್ತೆ ಬರೆಯಬೇಕಾಗುತ್ತದೆ, ಆದ್ದರಿಂದ ಹುದ್ದೆಯನ್ನಷ್ಟೇ ಬರೆಯಿರಿ ಎಂದರು ಮೇಷ್ಟ್ರು. ಹುದ್ದೆ ನಾಲ್ಕಿರುವುದರಿಂದ ಮನವಿಯೂ ನಾಲ್ಕಾಯಿತು. ಜೆರಾಕ್ಸಿನ ಹಣವನ್ನು ಯಾವ ಖಾತೆಗೆ ಹಾಕಬೇಕೆಂಬುದು ಮಾತ್ರ ಇತ್ಯರ್ಥವಾಗದೆ ಶೆಟ್ಟರು ಅದನ್ನು ಭಟ್ಟರ ಮುಂದಿನ ಲಾಟಿನ ಲೆಕ್ಕದಲ್ಲಿ ಮುರಿದುಕೊಂಡರು.