ತಮ್ಮನ ಪರ ಯಾರಿದ್ದೀರಿ?

ನಮ್ಮ ಮನೆ ಗುಂಪಿನಲ್ಲಿ ಅಮೆರಿಕನ್ ಫುಟ್‌ಬಾಲ್ ಗೊತ್ತಿರೋರು ಮೂರೇ ಜನ: ನ್ಯೂಜೆರ್ಸಿ ಚಿಕ್ಕಪ್ಪ, ಬಾಸ್ಟನ್ ಅಕ್ಕ, ಒಹಾಯೋದ ಆಕ್ರನ್‌ನಲ್ಲಿರೋ ಭಾವ. ಉಳಿದವರು ಅದರ ಬಗ್ಗೆ ಮಾತಾಡೋಕೆ ಇದು ಯಾವತ್ತೂ ಅಡ್ಡಿಯಾಗಿಲ್ಲ.

2025ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಚಿಕ್ಕಪ್ಪ ಒಂದು ಪೋಸ್ಟರ್ ಫಾರ್ವರ್ಡ್ ಮಾಡಿದ್ರು. ನ್ಯೂಯಾರ್ಕ್ ಜೈಂಟ್ಸ್‌ನ ನೀಲಿ ಜರ್ಸಿ, ಎದೆ ಮೇಲೆ 10, ಮುಖದಲ್ಲಿ ಆ ತಂಡದ ಹಳೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಈಲೈ ಮ್ಯಾನಿಂಗ್‌ನ ಆ ಖಾಯಂ ಪೆಚ್ಚುಮೋರೆ. ಕೆಳಗೆ ಕೆಂಪಕ್ಷರ: "ಗೆದ್ದದ್ದು 117, ಸೋತದ್ದು 117. ಹಾಲ್ ಆಫ್ ಫೇಮ್ ಬಾಗಿಲು ಶಾಶ್ವತವಾಗಿ ಬಂದ್!" ಹಾಲ್ ಆಫ್ ಫೇಮ್ ಅಂದ್ರೆ ಆ ಆಟದ ದಿಗ್ಗಜರಿಗೆ ಸಿಗೋ ಗೌರವ. ಪೋಸ್ಟರ್ ಕೆಳಗೆ ಚಿಕ್ಕಪ್ಪನ ಸ್ವಂತ ಸಾಲು: "ಅಣ್ಣ ಪೇಟನ್‌ಗೆ ಮೊದಲ ಸಲಕ್ಕೇ ಕರೆದು ಕೂರಿಸಿದ್ರು. ತಮ್ಮ ಅಂದ್ರೆ ಎಲ್ಲಾ ಕಡೆ ಇಷ್ಟೇ."

ಎರಡೇ ನಿಮಿಷಕ್ಕೆ ಮೈಸೂರಿಂದ ದೊಡ್ಡಪ್ಪ: "ಓಂ ಶಾಂತಿ. ಸದ್ಗತಿ ದೊರೆಯಲಿ."

ಅವರ ಹಿಂದೆ ಏಳು ಜನ ಕೈಮುಗಿದ್ರು.

ಬಾಸ್ಟನ್ ಅಕ್ಕ: "ಅಪ್ಪಾ, ಅವನು ಬದುಕಿದ್ದಾನೆ. ಚಿಕ್ಕಪ್ಪ, ಶಾಶ್ವತವಾಗಿ ಬಂದ್ ಅಂತ ಯಾರು ಹೇಳಿದ್ದು? ಸೋರ್ಸ್ ಹಾಕಿ."

ಚಿಕ್ಕಪ್ಪ: "ಎಲ್ಲಾ ಕಡೆ ಬಂದಿದೆ."

ಎಲ್ಲಾ ಕಡೆ ಬಂದದ್ದು ಬೇರೆ ಸುದ್ದಿ. ನಿವೃತ್ತಿಯಾಗಿ ಐದು ವರ್ಷ ಕಾದಮೇಲೆ ಈಲೈ ಹೆಸರು ಮೊದಲ ಸಲ ಮತಕ್ಕೆ ಬಂದಿತ್ತು. ಕೊನೆಯ 15ರವರೆಗೆ ಬಂದ, ಆಯ್ಕೆ ಆಗಲಿಲ್ಲ. ಸಮಿತಿಯಲ್ಲಿ 50 ಜನ, ಶೇ. 80 ಮತ ಬೇಕು, ಆ ವರ್ಷ ನಿಯಮವನ್ನ ಎಷ್ಟು ಬಿಗಿ ಮಾಡಿದ್ರು ಅಂದ್ರೆ ಒಳಗೆ ಹೋದವರು ನಾಲ್ಕೇ: ಆಂಟೋನಿಯೋ ಗೇಟ್ಸ್, ಜ್ಯಾರೆಡ್ ಆಲೆನ್, ಎರಿಕ್ ಆಲೆನ್, ಸ್ಟರ್ಲಿಂಗ್ ಶಾರ್ಪ್. ಮುಂದಿನ ವರ್ಷ ಈಲೈ ಹೆಸರು ಮತ್ತೆ ಬರೋಕೆ ಅವಕಾಶ ಇತ್ತು. ಭಾವ ಇದನ್ನೆಲ್ಲ ನೀಟಾಗಿ ಟೈಪ್ ಮಾಡಿ ಹಾಕಿದ್ರು. ಯಾರೂ ಓದಲಿಲ್ಲ. ಅವರು ಜೊತೆಗೆ ಹಾಕಿದ್ದ ಫೋಟೋ ಮಾತ್ರ ಎಲ್ಲರೂ ನೋಡಿದ್ರು. ಅವರ ಮನೆಯಿಂದ ಅರ್ಧ ಗಂಟೆ ದಾರಿಯ ಕ್ಯಾಂಟನ್ ಊರಲ್ಲಿ, 1963ರಲ್ಲಿ ಶುರುವಾದ ಆ ಹಾಲ್ ಆಫ್ ಫೇಮ್‌ನ ಕತ್ತಲೆ ಕೋಣೆ. ಗೋಡೆ ತುಂಬ ಸಾಲುಸಾಲು ಕಂಚಿನ ತಲೆಗಳು, ಒಂದೊಂದರ ಮೇಲೂ ಸಣ್ಣ ಬೆಳಕು.

ಅತ್ತಿಗೆ: "ಬರೀ ತಲೆ ಯಾಕೆ ಮಾಡಿದ್ದಾರೆ? ಫುಟ್‌ಬಾಲ್ ಅಲ್ವಾ, ಕಾಲು ಮಾಡ್ಬೇಕಿತ್ತು."

ಇಷ್ಟಕ್ಕೇ ನಿಂತಿದ್ರೆ ಚೆನ್ನಾಗಿತ್ತು. ಆದರೆ ಅಕ್ಕ ಬಾಸ್ಟನ್‌ಗೆ ಹೋದಾಗಿಂದ ಪೇಟ್ರಿಯಟ್ಸ್ ಭಕ್ತೆ. 2008ರ ಫೆಬ್ರವರಿಯಲ್ಲಿ 18 ಪಂದ್ಯ ಆಡಿ ಒಂದೂ ಸೋಲದ ಅವಳ ತಂಡವನ್ನ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 17–14ಕ್ಕೆ ಕೆಡವಿದವನು ಇದೇ ಈಲೈ. ಚಿಕ್ಕಪ್ಪ ಆ ವಿಡಿಯೋ ತುಣುಕನ್ನೇ ಹಾಕಿದ್ರು. ಹಿಂದಿನಿಂದ ಜರ್ಸಿ ಹಿಡಿದು ಜಗ್ಗುತ್ತಾರೆ, ಇವನು ಹೇಗೋ ನುಣುಚಿಕೊಂಡು ಹಿಂದೆ ಓಡಿ ಚೆಂಡನ್ನ ಎತ್ತಿ ಎಸೀತಾನೆ, ಡೇವಿಡ್ ಟೈರೀ ಹಾರಿ ಒಂದೇ ಕೈಯಲ್ಲಿ ಅದನ್ನ ತನ್ನ ಹೆಲ್ಮೆಟ್‌ಗೆ ಅದುಮಿಕೊಂಡು ಬೀಳ್ತಾನೆ. ಮೈಮೇಲೆ ಬಿದ್ದವನು ಕಿತ್ತರೂ ಚೆಂಡು ನೆಲ ಮುಟ್ಟೋದಿಲ್ಲ. ನಾಲ್ಕು ವರ್ಷ ಬಿಟ್ಟು ಅದೇ ಪೇಟ್ರಿಯಟ್ಸ್ ಮೇಲೆ 21–17. ಎರಡು ಸಲವೂ ಈಲೈನೇ ಪಂದ್ಯಶ್ರೇಷ್ಠ.

ಅಕ್ಕ: "ಅದು ಅದೃಷ್ಟ. ಮೂರು ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಇಂಟರ್‌ಸೆಪ್ಷನ್ ಇವನದ್ದೇ. ಒಟ್ಟು 244 ಸಲ ಚೆಂಡು ಎದುರಾಳಿ ಕೈಗೆ ಕೊಟ್ಟಿದ್ದಾನೆ. ಜಿಮ್ ಪ್ಲಂಕೆಟ್ ಕೂಡ ಎರಡು ಸೂಪರ್ ಬೌಲ್ ಗೆದ್ದವನು, 72 ಗೆಲುವು 72 ಸೋಲು. ಅವನೂ ಹೊರಗೇ ಇದ್ದಾನೆ. ಇನ್ನು ನಿಮ್ಮ ಈಲೈ 2004ರಲ್ಲಿ ಸ್ಯಾನ್ ಡಿಯಾಗೋ ತಂಡದವರು ಆರಿಸಿದ್ರೆ ಅಲ್ಲಿಗೆ ಹೋಗಲ್ಲ ಅಂತ ಹಟ ಹಿಡಿದು, ಅಪ್ಪನನ್ನ ಬೆನ್ನಿಗಿಟ್ಕೊಂಡು ನ್ಯೂಯಾರ್ಕ್‌ಗೆ ಬಂದವನು."

ಇಲ್ಲಿ ದೊಡ್ಡಪ್ಪನಿಗೆ ಮೊದಲ ಸಲ ವಿಷಯ ಅರ್ಥ ಆಯ್ತು, ಚಿಕ್ಕಪ್ಪನಿಗೆ ಹೇಳಿದ್ರು: "ಹುಬ್ಬಳ್ಳಿಗೆ ಪೋಸ್ಟಿಂಗ್ ಆದಾಗ ಹೋಗಲ್ಲ ಅಂತ ನೀನೂ ಹೀಗೇ ಕೂತಿದ್ದೆ. ಅಪ್ಪ ಯಾರ್ಯಾರ ಕಾಲು ಹಿಡಿದ್ರು ಅಂತ ನನಗೆ ಗೊತ್ತು."

ಚಿಕ್ಕಪ್ಪ ಟೈಪ್ ಮಾಡ್ತಿದ್ರು, ನಿಲ್ಲಿಸಿದ್ರು, ಮತ್ತೆ ಮಾಡ್ತಿದ್ರು. ಕೊನೆಗೆ ಬಂದದ್ದು: "ಅವರಪ್ಪ ಆರ್ಚಿಗೂ ಹಾಲ್ ಆಫ್ ಫೇಮ್ ಸಿಕ್ಕಿಲ್ಲ." ಇದು ಯಾವ ಮಾತಿಗೆ ಉತ್ತರ ಅನ್ನೋದು ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮಪ್ಪ ಈ ಇಬ್ಬರ ಮಧ್ಯದವರು. ಬ್ಲೂ ಟಿಕ್ ಆಫ್ ಮಾಡಿಟ್ಟಿದ್ದಾರೆ.

ದೊಡ್ಡಪ್ಪ ಅಷ್ಟರಲ್ಲಿ ಸ್ವಂತ ಸಂಶೋಧನೆ ಮುಗಿಸಿದ್ರು: "ಓ.ಜೆ. ಸಿಂಪ್ಸನ್ ಅನ್ನೋ ಹಳೇ ಆಟಗಾರ 1985ರಿಂದ ಅಲ್ಲಿದ್ದಾನಂತೆ. ಅಂಥವನ ಪಕ್ಕ ಕೂರೋದು ಯಾವ ಗೌರವ? ಚಾರಿತ್ರ್ಯ ಮೊದಲು, ಆಟ ಆಮೇಲೆ." ಅಲ್ಲಿಯ ನಿಯಮ ಇದಕ್ಕೆ ಪೂರ್ತಿ ಉಲ್ಟಾ: ಮೈದಾನದೊಳಗಿನದ್ದಷ್ಟೇ ಲೆಕ್ಕ. ಕೊಲೆ ಕೇಸಲ್ಲಿ 1995ರಲ್ಲಿ ಖುಲಾಸೆ, ದರೋಡೆ ಕೇಸಲ್ಲಿ 2008ರಲ್ಲಿ ಶಿಕ್ಷೆ, ಎರಡರ ನಂತರವೂ ಆ ಕಂಚಿನ ತಲೆ ಜಾಗ ಬಿಟ್ಟು ಅಲುಗಲಿಲ್ಲ. ಅಕ್ಕ ಹೇಳಿದ್ಲು. ದೊಡ್ಡಪ್ಪ ಬದಲಿಗೆ ಒಂದು ಸುಭಾಷಿತದ ಚಿತ್ರ ಹಾಕಿದ್ರು.

ಇಡೀ ಜಗಳದಲ್ಲಿ ತೂಕದ ಮಾತು ಆಡಿದ್ದು ಶಿವಮೊಗ್ಗ ಅತ್ತೆ, ಫುಟ್‌ಬಾಲ್ ಒಂದು ಪಂದ್ಯವನ್ನೂ ನೋಡದವರು. "ಲೆಕ್ಕ ಹಿಡಿದ್ರೆ ನಮ್ಮ ಕ್ರಿಕೆಟ್ ವಿಶಿ (ಜಿ.ಆರ್. ವಿಶ್ವನಾಥ್) ಸರಾಸರಿ 42 ಕೂಡ ಇಲ್ಲ. 1975ರಲ್ಲಿ ಮದ್ರಾಸ್‌ನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ ಏಳು ಜನರನ್ನ ಔಟ್ ಮಾಡಿದ್ದ. ಇಡೀ ತಂಡ 190, ಅದರಲ್ಲಿ ವಿಶಿ ಒಬ್ಬನದ್ದೇ 97, ನಾಟೌಟ್. ಸಂಕ್ರಾಂತಿ ಎಳ್ಳಿಗೆ ಕೊಬ್ಬರಿ ಹೆಚ್ತಾ ಹೆಚ್ತಾ ಅಪ್ಪನ ರೇಡಿಯೋದಲ್ಲಿ ಕೇಳಿದ್ದೆ. ಆ ಒಂದು ದಿನಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಹೇಳಿ."

ನಾನೂ ಅತ್ತೆ ಪಾರ್ಟಿ. 117–117 ವಾದವೇ ಅಲ್ಲ, ಗೆಲುವು ಸೋಲು ತಂಡದ್ದು. ಅಕ್ಕ ಎತ್ತಿದ ಇಂಟರ್‌ಸೆಪ್ಷನ್ ವಾದ ಗಟ್ಟಿ. ಆದರೂ ಸತತ 210 ಪಂದ್ಯ ಒಂದನ್ನೂ ತಪ್ಪಿಸದೆ ಆಡಿ, ಅತಿ ದೊಡ್ಡ ಎರಡು ರಾತ್ರಿ ಅತಿ ದೊಡ್ಡ ತಂಡವನ್ನ ಕೆಡವಿದವನನ್ನ ಬಿಟ್ಟು ಆ ಆಟದ ಕಥೆ ಹೇಳೋಕಾಗಲ್ಲ. ಒಳಗೆ ಹೋಗಲಿ, ಮೊದಲ ವರ್ಷವೇ ಏನೂ ಬೇಡ. ಇದನ್ನ ಗುಂಪಲ್ಲಿ ಹಾಕೋಣ ಅಂದ್ಕೊಳ್ಳೋ ಹೊತ್ತಿಗೆ ಚರ್ಚೆ ಬೇರೆಲ್ಲೋ ಹೋಗಿತ್ತು.

ಚಿಕ್ಕಪ್ಪ: "ಆ ರೇಡಿಯೋ ಈಗ ಯಾರ ಮನೇಲಿದೆ?"

ದೊಡ್ಡಪ್ಪ: "ಕೆಟ್ಟಿತ್ತು. ರಿಪೇರಿಗೆ ನಾನೇ ಕೊಟ್ಟೆ. ನಾನೇ ಇಟ್ಕೊಂಡೆ."

ಚಿಕ್ಕಪ್ಪ: "ಅಪ್ಪ ಅದನ್ನ ನನಗೆ ಅಂತ ಹೇಳಿದ್ರು."

ಬಾಸ್ಟನ್ ಅಕ್ಕ: "ಸೋರ್ಸ್?"

ಚಿಕ್ಕಪ್ಪ ಗುಂಪಿನಿಂದ ಹೊರಗೆ ಹೋದ್ರು. ಎಂದಿನಂತೆ ಅತ್ತೆ ಸೇರಿಸಿದ್ರು. ಒಂದು ಗಂಟೆ ಬರೀ ಗುಡ್ ಮಾರ್ನಿಂಗ್ ಗುಲಾಬಿಗಳು. ಆಮೇಲೆ ಭಾವ, ಪಾಪ, ವಾತಾವರಣ ತಿಳಿ ಮಾಡೋಕೆ: "ಆಗಸ್ಟ್‌ನಲ್ಲಿ ಕ್ಯಾಂಟನ್‌ನಲ್ಲಿ ಸಮಾರಂಭ ಇದೆ. ಎಲ್ಲಾ ನಮ್ಮನೆಗೆ ಬನ್ನಿ."

ಚಿಕ್ಕಪ್ಪ: "ಈ ವರ್ಷ ಬೇಡ. ಈಲೈದು ಆದಾಗ ಹೇಳಿ."

ದೊಡ್ಡಪ್ಪ: "ಆಗ ನಾನೂ ಬರ್ತೀನಿ. ವೀಸಾ ಇನ್ನೂ ಇದೆ."

ಚಿಕ್ಕಪ್ಪ: "ರೇಡಿಯೋ ತಗೊಂಡ್ ಬಾ."